ಬಲೆ ಹರಿಯುವ ಜಾಗ

ಅಪ್ಪ ಮಲ್ಪೆಯಲ್ಲಿ 31 ವರ್ಷ ಬೋಟಿಗೆ ಹೋದವರು. ಅದರಲ್ಲಿ ಹೆಚ್ಚು ಕಾಲ ತಾಂಡೇಲರಾಗಿದ್ದರು, ಅಂದರೆ ಬೋಟು ನಡೆಸುವವರು. ಅವರ ಹತ್ತಿರ ಒಂದು ಹಳೆಯ ನೋಟ್‌ಬುಕ್ ಇದೆ. ಉಪ್ಪುನೀರು ಕುಡಿದು ರಟ್ಟು ಉಬ್ಬಿಹೋಗಿದೆ. ಒಳಗೆ ಬರೀ ಅಂಕಿಗಳು. ಜಿಪಿಎಸ್ ತೋರಿಸಿದ ಅಕ್ಷಾಂಶ, ರೇಖಾಂಶ, ಎಷ್ಟು ಮಾರು ಆಳ (ಒಂದು ಮಾರು ಅಂದರೆ ಸುಮಾರು ಆರು ಅಡಿ), ಪಕ್ಕದಲ್ಲಿ ಒಂದೆರಡು ಪದ. ಕೆಲವು ಕಡೆ ‘ಕಲ್ಲು’. ಕೆಲವು ಕಡೆ ‘ಬಲೆ ಹೋಯಿತು’. ಒಂದು ಕಡೆ ‘ತುಕ್ಕು’.

ಅದನ್ನು ನಾವು ಮನೆಯಲ್ಲಿ ಬಲೆ ಹರಿಯುವ ಜಾಗದ ಪುಸ್ತಕ ಅಂತಲೇ ಕರೆಯುವುದು. ಟ್ರಾಲ್ ಬೋಟಿನವರಿಗೆ ಇಂಥ ಪುಸ್ತಕ ಎಷ್ಟು ಮುಖ್ಯ ಅಂತ ಬೇರೆಯವರಿಗೆ ಹೇಳಿದರೆ ಅರ್ಥ ಆಗುವುದು ಕಷ್ಟ. ಅವರ ಬಲೆ ಕಡಲಿನ ತಳ ಉಜ್ಜಿಕೊಂಡು ಬರುತ್ತದೆ. ತಳದಲ್ಲಿ ಒಂದು ಬಂಡೆ ಇದ್ದರೆ, ಯಾವತ್ತೋ ಮುಳುಗಿದ ದೋಣಿಯೋ ಹಡಗೋ ಇದ್ದರೆ, ಬಲೆ ಸಿಕ್ಕಿಕೊಳ್ಳುತ್ತದೆ, ಎಳೆದರೆ ಹರಿಯುತ್ತದೆ, ಹರಿಯದಿದ್ದರೆ ಬೋಟೇ ವಾಲುತ್ತದೆ, ಕೊನೆಗೆ ಕತ್ತರಿಸಿ ಬಿಟ್ಟು ಬರಬೇಕು. ಹಾಗಾಗಿ ಆ ಜಾಗಗಳನ್ನು ಬಳಸಿಕೊಂಡು ಹೋಗುತ್ತಾರೆ.

ಚಿಕ್ಕವಳಿದ್ದಾಗ ಕೇಳಿದ್ದೆ. ಅಲ್ಲಿ ಏನಿದೆ ಅಪ್ಪಾ?

‘ಮೀನು ಇದೆ ಮಗಾ. ಬೇಕಾದಷ್ಟು ಇದೆ. ನಮಗಲ್ಲ ಅಷ್ಟೇ.’

ಆ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಕಳೆದ ಏಪ್ರಿಲ್‌ನಲ್ಲಿ ಬಾಲಿಯ ತುಲಂಬೆನ್ ಅನ್ನುವ ಸಣ್ಣ ಊರಿನಲ್ಲಿ ನೀರಿಗಿಳಿದು, ಎರಡನೇ ಮಹಾಯುದ್ಧದ ಕಾಲದ ಒಂದು ಹಡಗಿನ ಮುಂದೆ ನಿಂತಾಗ, ಅಲ್ಲ, ತೇಲಿದಾಗ, ಮೊದಲು ನೆನಪಾದದ್ದು ಅದೇ ನೋಟ್‌ಬುಕ್. ಇದನ್ನೆಲ್ಲ ಬರೆಯಲೇಬೇಕು ಅಂತ ಅನಿಸಿದ್ದೂ ಅದಕ್ಕೇ.

ನಾನು ನೀರಿನೊಳಗೆ ಹೋಗಿದ್ದೇ ತಡ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕಡಲು ಅಂದರೆ ಬೋಟುಗಳು ಬಂದು ನಿಲ್ಲುವ ಧಕ್ಕೆಯ ತನಕ. ಅಮ್ಮ ಧಕ್ಕೆಯಿಂದ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಬೋಟು ಹತ್ತಿದ್ದು ಗಂಡಸರು ಮಾತ್ರ. ಮೊದಲ ಸಲ ಸ್ಕೂಬಾ ಅಂತ ಹೋದದ್ದು ನಮ್ಮ ಕರಾವಳಿಯಲ್ಲೇ, ಪ್ರವಾಸಿಗಳನ್ನು ಕರೆದುಕೊಂಡು ಹೋಗುವ ಒಂದು ಕಡೆ. ಹೆಸರು ಬೇಡ. ಏನೂ ಹೇಳಿಕೊಡದೆ ಬೆನ್ನಿಗೆ ಟ್ಯಾಂಕ್ ಕಟ್ಟಿ, ಒಬ್ಬರು ಹಿಂದಿನಿಂದ ಹಿಡಿದುಕೊಂಡು ಕೆಳಗೆ ತಳ್ಳಿದರು. ಕಿವಿ ಸೂಜಿ ಚುಚ್ಚಿದ ಹಾಗೆ ನೋವು. ಹತ್ತು ನಿಮಿಷಕ್ಕೆ ಮೇಲೆ, ಕೈಗೆ ಎರಡು ಫೋಟೋ. ಎರಡು ದಿನ ಎಡಗಿವಿ ಸರಿಯಾಗಿ ಕೇಳಲಿಲ್ಲ. ದಯವಿಟ್ಟು ಹಾಗೆ ಹೋಗಬೇಡಿ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗ ಮೈಮೇಲೆ ಇನ್ನೊಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಕಿವಿ ಬಿಡಿಸಿಕೊಳ್ಳಬೇಕು, ನೋವು ಬರುವ ಮೊದಲೇ, ಇಳಿಯುತ್ತಾ ಇಳಿಯುತ್ತಾ. ಇದನ್ನು ಹೇಳಿಕೊಡಲು ಐದು ನಿಮಿಷ ಸಾಕು. ಆ ಐದು ನಿಮಿಷ ಕೊಡದವರ ಜೊತೆ ಹೋಗಬಾರದು.

ಆಮೇಲೆ ಒಂದು ವರ್ಷ ಬಿಟ್ಟು ಸರಿಯಾಗಿ ಕಲಿತೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ಅನ್ನುವ ದ್ವೀಪದಲ್ಲಿ. ಓಪನ್ ವಾಟರ್ ಕೋರ್ಸ್ ಮಾಡಿದರೆ 18 ಮೀಟರ್ ತನಕ, ಮುಂದಿನದ್ದು ಮಾಡಿದರೆ 30 ಮೀಟರ್ ತನಕ ಹೋಗಬಹುದು. ಎರಡೂ ಮಾಡಿಕೊಂಡೆ. ನೇತ್ರಾಣಿ ಗುಡ್ಡೆಯನ್ನು ನೌಕಾಪಡೆಯವರು ಹಿಂದೆ ಗುಂಡು ಹಾರಿಸುವ ಅಭ್ಯಾಸಕ್ಕೆ ಬಳಸುತ್ತಿದ್ದರು. ಅದರ ಬುಡದಲ್ಲಿ ಈಗಲೂ ಹವಳ ಇದೆ, ಗಿಳಿಮೀನು ಇದೆ, ಅದೃಷ್ಟ ಇದ್ದರೆ ಆಮೆ ಸಿಗುತ್ತದೆ. ಇದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ತುಲಂಬೆನ್‌ಗೆ ಬರೋಣ.

ಬಾಲಿಯ ಈಶಾನ್ಯ ತೀರದ ಊರು ಅದು. ಹಿಂದೆ ಅಗುಂಗ್ ಅನ್ನುವ ದೊಡ್ಡ ಜ್ವಾಲಾಮುಖಿ. ಕಡಲತೀರದಲ್ಲಿ ನಮ್ಮ ಹಾಗೆ ಮರಳು ಹಾಸಿಲ್ಲ. ಕಪ್ಪು ಮರಳು, ಅದರ ಮೇಲೆ ತೆಂಗಿನಕಾಯಿಯಷ್ಟು, ಹಲಸಿನಕಾಯಿಯಷ್ಟು ಕಪ್ಪು ಉರುಟು ಕಲ್ಲುಗಳು. ಬೆನ್ನಿಗೆ ಟ್ಯಾಂಕ್ ಹಾಕಿಕೊಂಡು ಅದರ ಮೇಲೆ ನಡೆಯುವುದು ಸುಲಭ ಅಲ್ಲ. ಅದಕ್ಕೆ ಅಲ್ಲಿ ಊರಿನ ಹೆಂಗಸರು ಟ್ಯಾಂಕ್‌ಗಳನ್ನು ನೀರಿನ ಅಂಚಿನವರೆಗೆ ಹೊತ್ತು ತಂದುಕೊಡುತ್ತಾರೆ. ಹೊರುವುದು ಎಲ್ಲಿ ಅಂತೀರಿ? ತಲೆಯ ಮೇಲೆ. ಬಟ್ಟೆ ಸುತ್ತಿ ಸಿಂಬಿ ಮಾಡಿ, ಅದರ ಮೇಲೆ ಟ್ಯಾಂಕ್ ಅಡ್ಡ ಇಟ್ಟು, ಕೈ ಬಿಟ್ಟು, ಆ ಉರುಟು ಕಲ್ಲುಗಳ ಮೇಲೆ ಬರಿ ಚಪ್ಪಲಿಯಲ್ಲಿ. ಅಮ್ಮನ ವಯಸ್ಸಿನವರು. ನನಗೆ ಗಂಟಲು ಕಟ್ಟಿತು. ಅಮ್ಮನ ತಲೆಯ ಮೇಲೆ ಇದ್ದದ್ದು ಬಂಗುಡೆ ಬುಟ್ಟಿ, ಇವರ ತಲೆಯ ಮೇಲೆ ಗಾಳಿ ತುಂಬಿದ ಸಿಲಿಂಡರ್. ನಡಿಗೆ ಒಂದೇ. ಅದೇ ಕಲ್ಲುಗಳ ನಡುವೆ ಯಾರೋ ತೆಂಗಿನಗರಿಯ ಪುಟ್ಟ ದೊನ್ನೆಯಲ್ಲಿ ಹೂವು ಇಟ್ಟು ಊದುಬತ್ತಿ ಹಚ್ಚಿ ಹೋಗಿದ್ದರು. ದಿನಾ ಇಡುತ್ತಾರಂತೆ. ನಾವು ಶ್ರಾವಣದ ಹುಣ್ಣಿಮೆಗೆ ವಡಭಾಂಡೇಶ್ವರದಿಂದ ಹೋಗಿ ಕಡಲಿಗೆ ಹಾಲು ಹೊಯ್ಯುತ್ತೇವಲ್ಲ, ಹಾಗೆ.

ಈ ಹಡಗಿನ ಹೆಸರು ಲಿಬರ್ಟಿ. 1918ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕಟ್ಟಿದ್ದು. ಉದ್ದ ಸುಮಾರು 125 ಮೀಟರ್. ಫಿರಂಗಿ ಇದ್ದರೂ ಇದು ಕಾದಾಡಲು ಕಟ್ಟಿದ ಹಡಗಲ್ಲ, ಅಮೆರಿಕದ ಸೇನೆಗೆ ಸರಕು ಸಾಗಿಸುತ್ತಿದ್ದ ಹಡಗು. 1942ರ ಜನವರಿ 11ರಂದು, ಆಸ್ಟ್ರೇಲಿಯಾದಿಂದ ಫಿಲಿಪೀನ್ಸ್‌ಗೆ ರೈಲಿನ ಬಿಡಿಭಾಗ ಮತ್ತು ರಬ್ಬರ್ ತುಂಬಿಕೊಂಡು ಹೋಗುವಾಗ, ಲೊಂಬೊಕ್ ಜಲಸಂಧಿಯ ಹತ್ತಿರ ಜಪಾನಿನ ಐ-166 ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು. ಮುಳುಗಲಿಲ್ಲ. ಒಂದು ಅಮೆರಿಕನ್, ಒಂದು ಡಚ್ ಯುದ್ಧನೌಕೆ ಸೇರಿ ಸಿಂಗರಾಜ ಬಂದರಿನ ಕಡೆಗೆ ಎಳೆದುಕೊಂಡು ಹೊರಟವು. ನೀರು ತುಂಬುತ್ತಾ ಬಂತು. ಅಲ್ಲಿಯ ತನಕ ಹೋಗಲು ಆಗುವುದಿಲ್ಲ ಅಂತ ಗೊತ್ತಾದಾಗ ತುಲಂಬೆನ್ ತೀರಕ್ಕೆ ಹತ್ತಿಸಿ ಬಿಟ್ಟರು. ಸರಕಾದರೂ ಉಳಿಯಲಿ ಅಂತ.

ಹಾಗೆ 21 ವರ್ಷ ಆ ಹಡಗು ದಡದಲ್ಲೇ ಕೂತಿತ್ತು. ಸರಕು ಇಳಿಸಿದರು, ಆಮೇಲೆ ಬಿಚ್ಚಲು ಬಂದದ್ದನ್ನು ಬಿಚ್ಚಿಕೊಂಡು ಹೋದರು. 1963ರಲ್ಲಿ ಅಗುಂಗ್ ಸಿಡಿಯಿತು. ಸಾವಿರಕ್ಕೂ ಜಾಸ್ತಿ ಜನ ಸತ್ತ ದೊಡ್ಡ ಅನಾಹುತ ಅದು. ಆ ಅದುರಾಟಕ್ಕೆ ಹಡಗು ದಡದಿಂದ ಜಾರಿ ನೀರಿಗೆ ಇಳಿದು, ಇಳಿಜಾರಿನ ಮೇಲೆ ಒಂದು ಮಗ್ಗುಲಿಗೆ ವಾಲಿ ಮಲಗಿತು. ಈಗ ಅದರ ಮೇಲ್ಭಾಗ ಬರೀ 5 ಮೀಟರ್ ಆಳದಲ್ಲಿದೆ, ಕೆಳಭಾಗ 30 ಮೀಟರ್ ಹತ್ತಿರ. ದಡದಿಂದ ದೂರವೂ ಇಲ್ಲ, ಮೂವತ್ತು ಮೀಟರ್ ಈಜಿದರೆ ಸಾಕು. ದೋಣಿಯೇ ಬೇಡ. ಒಂದು ದೊಡ್ಡ ಹಡಗಿನ ಹತ್ತಿರ ಹೀಗೆ ನಡೆದುಕೊಂಡು ಹೋಗಿ ಇಳಿಯಲು ಆಗುವ ಜಾಗ ಜಗತ್ತಿನಲ್ಲಿ ಕಡಿಮೆ.

ಬೆಳಗ್ಗೆ ಆರೂವರೆಗೇ ಇಳಿದೆವು. ನಾನು, ನನ್ನ ಗೆಳತಿ, ಅದೇ ಊರಿನ ಒಬ್ಬ ಗೈಡ್. ಸ್ವಲ್ಪ ಹೊತ್ತು ಬರೀ ಕಪ್ಪು ಮರಳು. ಮರಳಿನಿಂದ ಹುಲ್ಲಿನ ಹಾಗೆ ಎದ್ದು ನಿಂತ ತೆಳು ಹಾವುಮೀನುಗಳು, ನಾವು ಹತ್ತಿರ ಹೋದಂತೆ ಒಂದೊಂದಾಗಿ ಬಿಲದೊಳಗೆ ಇಳಿದುಬಿಡುತ್ತವೆ. ಆಮೇಲೆ ಎದುರಿಗೆ ನೀಲಿ ಬಣ್ಣ ಸ್ವಲ್ಪ ಕಪ್ಪಾದ ಹಾಗೆ ಕಂಡಿತು. ಮೋಡದ ನೆರಳು ಅಂದುಕೊಂಡೆ. ಇನ್ನೂ ಹತ್ತಿರ ಹೋದಾಗ ಅದು ಗೋಡೆಯಾಯಿತು.

ಹಡಗು ಅಂತ ಗೊತ್ತಿದ್ದರೂ ಕಣ್ಣು ಹಡಗನ್ನು ಹುಡುಕಲು ಸೋತಿತು. ಕಬ್ಬಿಣ ಎಲ್ಲಿದೆ? ತುಕ್ಕು ಎಲ್ಲಿದೆ? ಕೈ ಅಗಲ ಜಾಗ ಕೂಡ ಖಾಲಿ ಇಲ್ಲ. ಬೀಸಣಿಗೆಯ ಹಾಗೆ ಹರಡಿದ ಹವಳ, ನನಗಿಂತ ಅಗಲ. ನಮ್ಮ ಹಂಡೆಯಷ್ಟು ದೊಡ್ಡ ಸ್ಪಂಜುಗಳು. ಚಾಟಿಯ ಹಾಗೆ ನೇರ ಬೆಳೆದವು ಕೆಲವು. ಆ ಆಳದಲ್ಲಿ ಕೆಂಪು ಬೆಳಕು ತಲುಪುವುದಿಲ್ಲ, ಎಲ್ಲ ನೀಲಿ ಬೂದು. ಗೈಡ್ ಟಾರ್ಚ್ ಹಾಕಿದರು. ಬೂದು ಅಂದುಕೊಂಡದ್ದೆಲ್ಲ ಕೆಂಪು, ಕಿತ್ತಳೆ, ಅರಿಶಿನ. ದೇವಸ್ಥಾನದ ಕತ್ತಲೆ ಗರ್ಭಗುಡಿಯಲ್ಲಿ ಮಂಗಳಾರತಿ ಎತ್ತಿದಾಗ ಮೂರ್ತಿಯ ಮುಖ ಒಮ್ಮೆಲೇ ಕಾಣುತ್ತದಲ್ಲ, ಹಾಗೆ. ಟಾರ್ಚ್ ಆಚೆ ಹೋದರೆ ಮತ್ತೆ ಬೂದು.

ಆಗ ಅವು ಬಂದವು. ಹಣೆಯ ಮೇಲೆ ದೊಡ್ಡ ಬುಗುಟು ಇರುವ ಗಿಳಿಮೀನುಗಳು, ಒಂದೊಂದು ಒಂದು ಮೀಟರ್ ಉದ್ದ, ಹನ್ನೆರಡೋ ಹದಿಮೂರೋ ಇದ್ದವು. ರಾತ್ರಿ ಹಡಗಿನ ಒಳಗೆ ಮಲಗಿ ಬೆಳಗ್ಗೆ ಹೊರಗೆ ಹೊರಡುತ್ತವೆ. ಅದಕ್ಕೇ ನಾವು ಅಷ್ಟು ಬೇಗ ಇಳಿದದ್ದು. ಹವಳವನ್ನು ಹಲ್ಲಿನಿಂದ ಕಚ್ಚುತ್ತವೆ. ನೀರಿನಲ್ಲಿ ಆ ಕಟಕಟ ಶಬ್ದ ಚೆನ್ನಾಗಿ ಕೇಳುತ್ತದೆ. ತಿಂದ ಹವಳ ಹಿಂದಿನಿಂದ ಮರಳಾಗಿ ಉದುರುತ್ತದೆ. ಹವಳದ ಕಡಲತೀರಗಳ ಬಿಳಿ ಮರಳಿನಲ್ಲಿ ಗಿಳಿಮೀನುಗಳು ಹೀಗೆ ಮಾಡಿದ್ದೇ ಬಹಳ ಇರುತ್ತದೆ. ದನಗಳು ಕೊಟ್ಟಿಗೆಯಿಂದ ಹೊರಟ ಹಾಗೆ ಸಾಲಾಗಿ ನಮ್ಮ ಪಕ್ಕದಲ್ಲೇ ಹೋದವು. ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಮೇಲೆ ನೋಡಿದರೆ ಟ್ರೆವಲಿಗಳ ಗುಂಪು. ನೂರಾರು ಬೆಳ್ಳಿ ಮೀನು ಒಂದೇ ಸುತ್ತಿನಲ್ಲಿ ತಿರುಗುತ್ತಿದ್ದವು, ಕಂಬದ ಹಾಗೆ ನಿಂತುಕೊಂಡು. ಅದರ ಅಣ್ಣತಮ್ಮಂದಿರು ನಮ್ಮ ಧಕ್ಕೆಗೂ ಬರುತ್ತವೆ. ಐಸ್ ಮೇಲೆ ಮಲಗಿದ್ದನ್ನು ಸಾವಿರ ಸಲ ನೋಡಿದ್ದೇನೆ. ಬದುಕಿ ತಿರುಗುವುದನ್ನು ನೋಡಿದ್ದು ಆವತ್ತೇ ಮೊದಲು. ಮೀನುಗಾರರ ಮನೆಯಲ್ಲಿ ಹುಟ್ಟಿ, ಮೀನಿನ ದುಡ್ಡಿನಲ್ಲಿ ಓದಿ, 34 ವರ್ಷಕ್ಕೆ.

ಕೆಳಗೆ 28 ಮೀಟರ್ ತನಕ ಹೋಗಿ ಬಂದೆವು. ಅಲ್ಲಿ ಜಾಸ್ತಿ ಹೊತ್ತು ಇರಲು ಆಗುವುದಿಲ್ಲ, ಗಾಳಿ ಮೇಲಿನದ್ದಕ್ಕಿಂತ ನಾಲ್ಕು ಪಟ್ಟು ಬೇಗ ಖರ್ಚಾಗುತ್ತದೆ, ರಕ್ತದಲ್ಲಿ ನೈಟ್ರೋಜನ್ ಸೇರುತ್ತದೆ. ಅದು ಮೆಲ್ಲಗೆ ಹೊರಗೆ ಹೋಗಲಿ ಅಂತ ಹಿಂತಿರುಗುವಾಗ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಬೇರೆ ಕಡೆ ಆ ಮೂರು ನಿಮಿಷ ಹಗ್ಗ ಹಿಡಿದು ಸುಮ್ನೆ ಕಾಯುವುದು. ಇಲ್ಲಿ 5 ಮೀಟರಿನಲ್ಲೂ ಹಡಗೇ ಇದೆ. ಒಂದು ಫಿರಂಗಿ ಕೂಡ ನೋಡಿದೆ. ಗೈಡ್ ತೋರಿಸದಿದ್ದರೆ ಗೊತ್ತೇ ಆಗುತ್ತಿರಲಿಲ್ಲ, ಅಷ್ಟು ಹವಳ ಮೆತ್ತಿತ್ತು.

ಇದೆಲ್ಲ ಹೇಗಾಗುತ್ತದೆ? ಹವಳದ ಮರಿಗಳು ಹುಟ್ಟಿದಾಗ ನೀರಿನಲ್ಲಿ ತೇಲುವ ಸಣ್ಣ ಚುಕ್ಕಿಗಳು. ಎಲ್ಲಾದರೂ ಗಟ್ಟಿ ಜಾಗ ಸಿಕ್ಕಿದರೆ ಮಾತ್ರ ಅಂಟಿಕೊಂಡು ಬದುಕುತ್ತವೆ. ಅಲೆಗೆ ಅತ್ತಿತ್ತ ಸರಿಯುವ ಮರಳಿನ ಮೇಲೆ ನಿಲ್ಲಲು ಆಗುವುದಿಲ್ಲ. ಮರಳುಗಾಡಿನಂಥ ತಳದಲ್ಲಿ ಒಂದು ಹಡಗು ಬಿದ್ದರೆ ಅದೊಂದು ಗಟ್ಟಿ ನೆಲ. ಮೊದಲು ಕಣ್ಣಿಗೆ ಕಾಣದ ಲೋಳೆ ಪದರ, ಆಮೇಲೆ ಪಾಚಿ, ಚಿಪ್ಪುಗಳು, ಸ್ಪಂಜು, ಮೆತ್ತನೆ ಹವಳ, ನಿಧಾನವಾಗಿ ಗಟ್ಟಿ ಹವಳ. ಬಂಡೆಯಂತೆ ಬೆಳೆಯುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆದರೆ ಹೆಚ್ಚು. ಹಡಗು ಎತ್ತರಕ್ಕೆ ನಿಂತಿರುವುದರಿಂದ ನೀರಿನ ಸೆಳೆತ ಅದಕ್ಕೆ ಬಡಿದು ತಿನ್ನುವ ಸಣ್ಣ ಜೀವಿಗಳನ್ನು ತಂದುಕೊಡುತ್ತದೆ. ಕೋಣೆ, ಕಿಟಕಿ, ಕೊಳವೆ, ಎಲ್ಲವೂ ಅಡಗುವ ಮನೆ. ಸಣ್ಣ ಮೀನು ಇದ್ದಲ್ಲಿ ಅದನ್ನು ತಿನ್ನುವ ಮುರು ಅನ್ನುವ ದೊಡ್ಡ ಮೀನು ಬರುತ್ತದೆ. ಅಪ್ಪ ಹೇಳಿದ ‘ಬೇಕಾದಷ್ಟು ಇದೆ’ ಅನ್ನುವುದರ ಹಿಂದೆ ಇರುವುದು ಇದೇ. ಬಲೆ ಹೋಗದ ಜಾಗ ಅನ್ನುವುದೂ ಒಂದು ಕಾರಣ, ಅದನ್ನು ಮರೆಯಬಾರದು.

ಈಗ ಹಲವು ದೇಶಗಳು ನಿವೃತ್ತಿಯಾದ ಯುದ್ಧನೌಕೆಗಳನ್ನು ಬೇಕಂತಲೇ ಮುಳುಗಿಸುತ್ತಿವೆ. ಥಾಯ್ಲೆಂಡಿನವರು 2011ರಲ್ಲಿ ಕೊ ತಾವೊ ದ್ವೀಪದ ಹತ್ತಿರ ಸತ್ತಕುತ್ ಅನ್ನುವ ನೌಕೆ ಮುಳುಗಿಸಿದರು. ನನಗೆ ಬಹಳ ಹಿಡಿಸಿದ ಕಥೆ ಅಮೆರಿಕದ ಸ್ಪೀಗಲ್ ಗ್ರೋವ್‌ನದ್ದು. 155 ಮೀಟರ್ ಉದ್ದದ ನೌಕೆ. 2002ರ ಮೇ 17ರಂದು ಫ್ಲೋರಿಡಾದ ಕೀ ಲಾರ್ಗೊ ಹತ್ತಿರ ಮುಳುಗಿಸಲು ಎಲ್ಲ ತಯಾರಿ ಆಗಿತ್ತು. ಅದು ಹೇಳಿದ ಹೊತ್ತಿಗಿಂತ ಮೊದಲೇ ಮುಳುಗತೊಡಗಿ, ತಲೆಕೆಳಗಾಗಿ, ಮೂತಿ ನೀರಿನ ಮೇಲೆ ಚಾಚಿಕೊಂಡು ನಿಂತುಬಿಟ್ಟಿತು. ವಾರಗಟ್ಟಲೆ ಕಷ್ಟಪಟ್ಟು ಅದನ್ನು ಒಂದು ಮಗ್ಗುಲಿಗೆ ಮಲಗಿಸಲು ಮಾತ್ರ ಆಯಿತು. ಮೂರು ವರ್ಷದ ಮೇಲೆ, 2005ರ ಜುಲೈಯಲ್ಲಿ, ಡೆನಿಸ್ ಚಂಡಮಾರುತ ಬಂತು. ಆಮೇಲೆ ಡೈವರ್‌ಗಳು ಇಳಿದು ನೋಡಿದರೆ ಹಡಗು ನೆಟ್ಟಗೆ ಕೂತಿದೆ! ಮನುಷ್ಯರಿಗೆ ಆಗದ್ದನ್ನು ಕಡಲು ಮಾಡಿಕೊಟ್ಟಿತು. ಅದೇ ಹಡಗಿನ ಒಳಗೆ 2007ರಲ್ಲಿ ಮೂವರು ಡೈವರ್‌ಗಳು ತೀರಿಕೊಂಡರು ಅನ್ನುವುದನ್ನೂ ಹೇಳಬೇಕು. ಹಡಗಿನ ಹೊರಗೆ ಸುತ್ತುವುದು ಬೇರೆ, ಒಳಗೆ ನುಗ್ಗುವುದು ಬೇರೆ. ಒಳಗೆ ಕೆಸರು ಎದ್ದರೆ ಕೈ ಕೂಡ ಕಾಣುವುದಿಲ್ಲ, ಮೇಲೆ ಸೀದಾ ಏಳಲು ಚಾವಣಿ ಅಡ್ಡ. ಅದಕ್ಕೆ ಬೇರೆಯೇ ತರಬೇತಿ ಇದೆ. ಅದಿಲ್ಲದೆ ಬಾಗಿಲಿನಲ್ಲಿ ತಲೆ ಹಾಕುವುದೂ ಬೇಡ.

ಹಾಗಂತ ಹಳೆ ಹಡಗು ತಂದು ಕಡಲಿಗೆ ಹಾಕಿದರೆ ಹವಳ ಆಗಿಬಿಡುತ್ತದೆ ಅಂತಲ್ಲ. ನನಗೆ ಮುಖ್ಯ ಅನಿಸುವುದು ಈ ಭಾಗ. ಅಮೆರಿಕದ ಒರಿಸ್ಕನಿ ಅನ್ನುವ ವಿಮಾನವಾಹಕ ನೌಕೆಯನ್ನು 2006ರಲ್ಲಿ ಪೆನ್ಸಕೋಲಾ ಹತ್ತಿರ ಮುಳುಗಿಸುವ ಮೊದಲು ಎಣ್ಣೆ, ಕಲ್ನಾರು, ವಿಷದ ರಾಸಾಯನಿಕ ಇರುವ ಸಾಮಾನು ತೆಗೆಯಲು ವರ್ಷಗಟ್ಟಲೆ ಕೆಲಸ ನಡೆಯಿತು, ಕೋಟಿಗಟ್ಟಲೆ ಡಾಲರ್ ಖರ್ಚಾಯಿತು. ಅದೇ ಫ್ಲೋರಿಡಾದಲ್ಲಿ 1972ರಲ್ಲಿ ಮೀನಿಗೆ ಮನೆ ಮಾಡುತ್ತೇವೆ ಅಂತ ಸುಮಾರು 20 ಲಕ್ಷ ಹಳೆ ಟಯರ್‌ಗಳನ್ನು ಕಟ್ಟಿ ಕಡಲಿಗೆ ಹಾಕಿದ್ದರು. ಕಟ್ಟು ಬಿಚ್ಚಿಕೊಂಡಿತು, ಟಯರ್‌ಗಳು ಅಲೆಗೆ ಉರುಳಿ ಪಕ್ಕದ ನಿಜವಾದ ಹವಳವನ್ನು ಉಜ್ಜಿ ಸಾಯಿಸಿದವು. ಈಗ ಒಂದೊಂದಾಗಿ ತೆಗೆಯುತ್ತಿದ್ದಾರೆ. ಪೆಸಿಫಿಕ್‌ನ ಪಾಲ್ಮೈರಾದಲ್ಲಿ 1991ರಲ್ಲಿ ಒಂದು ಮೀನುಗಾರಿಕೆ ಹಡಗು ಜೀವಂತ ಹವಳದ ಮೇಲೆಯೇ ಬಂದು ಕೂತಿತು. ಅದರ ಸುತ್ತ ಹವಳವನ್ನು ಮುಚ್ಚಿಹಾಕುವ ಬೇರೊಂದು ಜೀವಿ ಹಬ್ಬಿ ಹಬ್ಬಿ, ಕೊನೆಗೆ ಹಡಗನ್ನೇ ಕತ್ತರಿಸಿ ತೆಗೆಯಬೇಕಾಯಿತು. ಎಲ್ಲಿ, ಯಾವ ತಳದಲ್ಲಿ, ಎಷ್ಟು ತೊಳೆದು ಅನ್ನುವುದೇ ಎಲ್ಲ.

ನಮ್ಮ ಕಡಲಿನಲ್ಲೂ ಹಡಗುಗಳಿವೆ. 2007ರಲ್ಲಿ ಮಂಗಳೂರಿನ ಹತ್ತಿರ ಎರಿಟ್ರಿಯಾದ ಡೆನ್ ಡೆನ್ ಮುಳುಗಿತು. 2022ರ ಜೂನ್‌ನಲ್ಲಿ ಉಳ್ಳಾಲದ ಬಟಪಾಡಿ ಹತ್ತಿರ ಪ್ರಿನ್ಸೆಸ್ ಮಿರಾಲ್. ಅದರಲ್ಲಿ ಸುಮಾರು 8,000 ಟನ್ ಉಕ್ಕಿನ ಸುರುಳಿ ಇತ್ತು, ಸಿರಿಯಾದ 15 ಜನರನ್ನು ಕೋಸ್ಟ್ ಗಾರ್ಡ್‌ನವರು ಕಾಪಾಡಿದರು. ಆವಾಗ ನಮ್ಮೂರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಎಣ್ಣೆ ಹೊರಗೆ ಬಂದರೆ ಏನು ಗತಿ? ಆ ಹೆದರಿಕೆ ಸರಿಯೇ. ತನ್ನಷ್ಟಕ್ಕೆ ಮುಳುಗಿದ ಹಡಗನ್ನು ಯಾರೂ ತೊಳೆದಿರುವುದಿಲ್ಲ. ಇನ್ನೊಂದು ಕಡೆ, 1985ರಲ್ಲಿ ನೌಕಾಪಡೆಗೆ ಸೇರಿ 2024ರ ಜನವರಿಯಲ್ಲಿ ನಿವೃತ್ತಿಯಾದ ಐಎನ್‌ಎಸ್ ಗುಲ್ದಾರ್ ನೌಕೆಯನ್ನು ಸ್ವಚ್ಛಗೊಳಿಸಿ ಸಿಂಧುದುರ್ಗದ ನಿವತಿ ಬಂಡೆಗಳ ಹತ್ತಿರ ಇಳಿಸುವ ಯೋಜನೆಯನ್ನು ಮಹಾರಾಷ್ಟ್ರದವರು ಕೈಗೆತ್ತಿಕೊಂಡಿದ್ದಾರೆ. ನಮ್ಮಲ್ಲೂ ಒಂದು ಬೇಕು ಅಂತ ಈಗಾಗಲೇ ಕೆಲವರು ಹೇಳುವುದನ್ನು ಕೇಳಿದ್ದೇನೆ. ಬೇಡ ಅನ್ನುವುದಿಲ್ಲ. ಆದರೆ ಮಲ್ಪೆಯ ಎದುರಿನ ನೀರು ತುಲಂಬೆನ್‌ನ ನೀರಲ್ಲ. ನಮ್ಮ ಹೊಳೆಗಳು ಮಳೆಗಾಲದಲ್ಲಿ ಇಡೀ ಘಟ್ಟದ ಮಣ್ಣನ್ನು ತಂದು ಸುರಿಯುತ್ತವೆ. ಬೆಳಕು ಇಳಿಯದ ಕಲಕು ನೀರಿನಲ್ಲಿ ಬಾಲಿಯ ಹವಳ ಬರುವುದಿಲ್ಲ. ಪಚ್ಚಿಲೆ ಚಿಪ್ಪು ಬರಬಹುದು, ಸ್ಪಂಜು ಬರಬಹುದು, ಮುರು ಖಂಡಿತ ಬರುತ್ತದೆ. ಅದು ಸಾಲದೇ? ನನಗೆ ಸಾಕು. ಆದರೆ ಎಲ್ಲಿ ಇಳಿಸಬೇಕು ಅನ್ನುವುದನ್ನು ಆಫೀಸಿನಲ್ಲಿ ನಕ್ಷೆ ನೋಡಿ ತೀರ್ಮಾನ ಮಾಡುವ ಮೊದಲು ಅಪ್ಪನಂಥವರ ನೋಟ್‌ಬುಕ್‌ಗಳನ್ನು ನೋಡಬೇಕು. ಯಾರ ಬಲೆ ಎಲ್ಲಿ ಹೋಗುತ್ತದೆ ಅಂತ ಅವರಿಗೆ ಗೊತ್ತು.

ಸಿಂಧುದುರ್ಗದ ಹೆಸರು ಬರೆಯುವಾಗ ಕೈ ನಿಲ್ಲುತ್ತದೆ. ಮಲ್ಪೆಯವರಿಗೆ ಯಾಕೆ ಅಂತ ಗೊತ್ತು. 2018ರ ಡಿಸೆಂಬರ್ 13ರಂದು ಇಲ್ಲಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ಏಳು ಜನರ ಜೊತೆ ಕಾಣೆಯಾಯಿತು. ಐದು ತಿಂಗಳು ಹುಡುಕಿದರು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಾಲ್ವಣದ ಆಚೆ ಸುಮಾರು 60 ಮೀಟರ್ ಆಳದಲ್ಲಿ ಅವಶೇಷ ಪತ್ತೆ ಮಾಡಿತು. ಅಪ್ಪ ಸುದ್ದಿ ಕೇಳಿ ಮಾತಾಡಲಿಲ್ಲ. ರಾತ್ರಿ ಊಟದ ಹೊತ್ತಿಗೆ ‘ಮೂವತ್ತಮೂರು ಮಾರು’ ಅಂದರು, ಅಷ್ಟೇ.

ಹಾಗಾಗಿ ಮುಳುಗಿದ ಹಡಗು ಅಂದರೆ ನನಗೆ ಬರೀ ಚಂದ ಅಲ್ಲ. ಶ್ರೀಲಂಕಾದ ಬಟ್ಟಿಕಲೋವಾ ಹತ್ತಿರ ಹರ್ಮೀಸ್ ಅನ್ನುವ ಬ್ರಿಟಿಷ್ ವಿಮಾನವಾಹಕ ನೌಕೆ ಇದೆ, 1942ರ ಏಪ್ರಿಲ್ 9ರಂದು ಜಪಾನಿನ ವಿಮಾನಗಳು ಬಾಂಬು ಹಾಕಿ ಮುಳುಗಿಸಿದ್ದು. ಅದರಲ್ಲಿ 307 ಜನ ಸತ್ತರು. ಐವತ್ತು ಮೀಟರ್ ದಾಟಿದ ಆಳ, ನನ್ನಂಥವರು ಹೋಗುವ ಜಾಗವಲ್ಲ. ಹೋಗುವವರು ಹೋಗುತ್ತಾರೆ, ಅಲ್ಲೂ ಹವಳ ಬೆಳೆದಿದೆ, ಮೀನು ತುಂಬಿದೆ. ಅಂಥ ಕಡೆ ಏನನ್ನೂ ಮುಟ್ಟದೆ, ಒಂದು ತಟ್ಟೆ ಚೂರನ್ನೂ ಎತ್ತಿಕೊಳ್ಳದೆ ಬರಬೇಕು. ಎಲ್ಲೋ ಒಂದು ಮನೆಯಲ್ಲಿ ಅವರ ಫೋಟೋಗೆ ಇನ್ನೂ ಹಾರ ಹಾಕುತ್ತಿರುತ್ತಾರೆ.

ಊರಿಗೆ ಬಂದ ದಿನ ಅಪ್ಪನಿಗೆ ಫೋನಿನಲ್ಲಿ ವಿಡಿಯೋ ತೋರಿಸಿದೆ. ಮಳೆಗಾಲಕ್ಕೆ ಮೊದಲಿನ ಸೆಕೆ, ಜಗಲಿಯಲ್ಲಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದ್ದು, ‘ಮೀನ್ ಇತ್ತ್ಂಡಾ?’

ಇತ್ತು ಅಂದೆ.

‘ಎಷ್ಟು ಮಾರು?’

ಹದಿನೈದು ಮಾರು ತನಕ ಹೋಗಿದ್ದೆ ಅಂದಾಗ ಒಂದು ಸಲ ನನ್ನ ಮುಖ ನೋಡಿದರು. ಮೂವತ್ತೊಂದು ವರ್ಷ ಅದರ ಮೇಲೆ ಓಡಾಡಿದವರು, ಒಳಗೆ ತಲೆ ಹಾಕಿ ನೋಡಿದವರಲ್ಲ. ಕನ್ನಡಕ ಹಾಕಿಕೊಂಡು ವಿಡಿಯೋ ಮೂರು ಸಲ ನೋಡಿದರು. ಟ್ರೆವಲಿಗಳ ಗುಂಪು ಬಂದಾಗ ನಿಲ್ಲಿಸಲು ಹೇಳಿ, ಬೆರಳಿನಿಂದ ಎಣಿಸಲು ನೋಡಿ ಬಿಟ್ಟುಬಿಟ್ಟರು. ಮುರು ಬಂದಾಗ ತೂಕ ಹೇಳಿದರು, ಎಂಟು ಕಿಲೋ ಅಂತ. ಆ ದೊಡ್ಡ ಬೀಸಣಿಗೆ ಹವಳ ಬಂದಾಗ ‘ಇದು ನಮ್ಮ ಬಲೆಗೂ ಬರುತ್ತಿತ್ತು’ ಅಂದರು. ತುಂಡು ತುಂಡಾಗಿ. ಕಸ ಅಂತ ವಾಪಸ್ ಎಸೆಯುತ್ತಿದ್ದರಂತೆ. ಹಾಗೆ ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು.

ನಾನು ಅವರಿಗೆ ಒಂದು ವಿಷಯ ಹೇಳಿದ್ದೆ. ಮುಳುಗಿದ ಹಡಗುಗಳಿಗೆ ಸಿಕ್ಕಿಕೊಂಡ ಬಲೆಗಳು ಅಲ್ಲೇ ತೂಗಾಡುತ್ತಾ ಇರುತ್ತವೆ, ನೈಲಾನ್ ಕೊಳೆಯುವುದಿಲ್ಲ, ವರ್ಷಗಟ್ಟಲೆ ಮೀನು, ಏಡಿ, ಆಮೆ ಅದರಲ್ಲಿ ಸಿಕ್ಕಿ ಸಾಯುತ್ತಲೇ ಇರುತ್ತವೆ, ಕೆಲವು ಕಡೆ ಡೈವರ್‌ಗಳು ಗುಂಪಾಗಿ ಇಳಿದು ಅದನ್ನು ಕತ್ತರಿಸಿ ತೆಗೆಯುತ್ತಾರೆ ಅಂತ. ಅದಕ್ಕೆ ಅವರು ಆಗ ಏನೂ ಹೇಳಿರಲಿಲ್ಲ.

ಮರುದಿನ ಬೆಳಗ್ಗೆ ಚಾ ಕೊಡಲು ಹೋದರೆ ಆ ನೋಟ್‌ಬುಕ್ ತೆರೆದುಕೊಂಡು ಕೂತಿದ್ದರು. ಪಕ್ಕದಲ್ಲಿ ಪೆನ್ಸಿಲ್. ‘ಬಲೆ ಹೋಯಿತು’ ಅಂತ ಬರೆದ ಕಡೆಯೆಲ್ಲ ಒಂದು ಸಣ್ಣ ಗೆರೆ ಎಳೆಯುತ್ತಿದ್ದರು. ಎಲ್ಲಿ ಹರಿದ ಬಲೆ ಬೋಟಿಗೆ ವಾಪಸ್ ಬಂತು, ಎಲ್ಲಿ ಕತ್ತರಿಸಿ ಕೆಳಗೇ ಬಿಟ್ಟರು ಅಂತ ನೆನಪು ಮಾಡಿಕೊಂಡು, ಬಿಟ್ಟ ಕಡೆ ಮಾತ್ರ. ಒಂಬತ್ತು ಗೆರೆ ಆಗಿತ್ತು. ‘ತುಕ್ಕು’ ಅಂತ ಬರೆದ ಸಾಲಿನ ಮೇಲೆ ಬೆರಳು ಇಟ್ಟು, ಇದರಲ್ಲಿ ಎರಡು ಬಲೆ ಹೋಗಿದೆ ಅಂದರು. ಮೊದಲ ಸಲ 2004ರಲ್ಲಿ. ಹದಿಮೂರು ಮಾರು.

‘ನೀನು ಹೋದಷ್ಟು ಆಳ ಇಲ್ಲ ಇದು, ಅಲ್ವಾ?’